ಕಪ್ಪು ಹಿಡಿಯೋ ಮಣ್ಣು

ಯೂನುಸ್ ಉಸ್ತಾದ್ ಮಣ್ಣು ಮೂಸೋದಿಲ್ಲ, ನೆಕ್ಕತಾರ.
ಬೀದರ ಕೋಟಿ ಒಳಗ, ರಂಗೀನ್ ಮಹಲಿನ ಹಿಂದ,
ಮಾಳಗಿ ಅರ್ಧ ಕುಸಿದು ಅರ್ಧ ಉಳಿದ ಒಂದು ಕೋಣಿ.
ಉಳಿದ ಅರ್ಧಕ್ಕ ಮಳಿ ತಾಕಿಲ್ಲ, ಬಿಸಿಲು ಇಣುಕಿಲ್ಲ
ಎಷ್ಟೋ ನೂರು ವರ್ಷ.
ನಾಲಿಗಿ ತುದಿಗೆ ಚಿಟಿಕಿ ಇಟ್ಟು, ಕಣ್ಣು ಮುಚ್ಚಿ
'ಇದು ಅಲ್ಲ' ಅಂತಾರ. ಉಗುಳತಾರ.
ಎರಡು ಹೆಜ್ಜಿ ಸರಿದು ಮತ್ತ ಚಿಟಿಕಿ.
'ಹಾಂ. ಚಂದ್ರಭಾಗಾ, ಚೀಲ ಹಿಡಿ.'

ಇಲ್ಲಿ ಮಲಗಿ ಎದ್ದವರ ಲೆಕ್ಕ ಕಾವಲಿನ ಮಾಣಿಕಪ್ಪನ ಬಾಯಾಗ:
ಬಹಮನಿಯವರು, ಬರೀದರು, ಮೊಗಲರು, ನಿಜಾಮರು.
ಒಬ್ಬರು ಗೋಡಿಗೆ ಮುತ್ತಿನ ಚಿಪ್ಪು ಕೂಡಿಸಿದರಂತ,
ಒಬ್ಬರು ಸುಣ್ಣ ಬಳದರಂತ,
ಮತ್ತೊಬ್ಬರು ಕಾಗದದ ಗಂಟು ತಂದು ಒಟ್ಟಿದರಂತ.
'ಅರಸರೆಲ್ಲಾ ಬಾಡಿಗಿಯವರೇ ನೋಡವ್ವಾ,
ಬಾವಲಿ ಒಂದೇ ಖಾಯಂ.'
ಹೇಳಿ ಬೀಗ ಜಗ್ಗಿ ನೋಡತಾನ, ಮೂರು ಸಲ.
ಮೂರೇ ಯಾಕೋ ಅಂದರ
'ನನಗಿಂತ ಮೊದಲಿದ್ದವ ಮೂರು ಸಲ ಜಗ್ಗತಿದ್ದ.'

ಆ ವರ್ಷ ದಿಲ್ಲಿಯಿಂದ ಕಾಗದ ಬಂತು:
ದೇಶ ಆಳೋರು ಇರೋ ಮನಿಗೆ ಒಂದು ಸುರಾಹಿ ಬೇಕು.
ಎತ್ತರ ಹದಿನೆಂಟು ಇಂಚು. ಹೂವು, ಬಳ್ಳಿ.
ಪಕ್ಷಿ ಬ್ಯಾಡ. ಯಾಕಂತ ಬರೆದಿರಲಿಲ್ಲ.
ನಾಲ್ಕು ತಿಂಗಳು ಸಿದ್ದೀಕ್ ತಾಲೀಮಿನ ಕತ್ತಲಿ ಕಾರ್ಖಾನಿಯೊಳಗ
ಉಸ್ತಾದ್ ಕಲಮು ಹಿಡಿದು ಕೆತ್ತಿದರು,
ನಾ ಬೆಳ್ಳಿ ತಾರು ಕೂಡಿಸಿದೆ,
ಸುತ್ತಿಗಿ ಹಗುರ, ಉಸಿರು ಬಿಗಿ.
ಕುತ್ತಿಗಿ ಕೆಳಗ ಒಂದು ಎಸಳು ಸೊಟ್ಟ ಆಯ್ತು.
ಅವತ್ತು ಮಗಳಿಗೆ ಜ್ವರ.
ಉಸ್ತಾದ್ ನೋಡಿದರು, ಏನೂ ಅನಲಿಲ್ಲ.

ಕಡೀಗೆ ನವಸಾಗರ, ನೀರು, ಆ ಮಣ್ಣು ಕುದಿಸಿ
ಕಾದ ಮೈಗೆ ಬಳಿದಾಗ
ಬೂದಿ ಬಣ್ಣದ ಲೋಹ ಒಮ್ಮೆಲೇ ಅಮಾಸಿ ಆಯ್ತು.
ಬೆಳ್ಳಿ ಮಾತ್ರ ಕಪ್ಪು ಹಿಡೀಲಿಲ್ಲ.

ಮುಂದ ಪೇಪರಿನ್ಯಾಗ ಒಂದು ಫೋಟೊ.
ಹೊರದೇಶದ ಪಾವಣ್ಯಾರು ಕೈ ಕುಲುಕತಾರ,
ಹಿಂದ, ತೋಳಿನ ಮರಿಗೆ, ನಮ್ಮ ಸುರಾಹಿ,
ಅರ್ಧ.
ಭೂತಗನ್ನಡಿ ಹಿಡಿದು ಸೊಟ್ಟ ಎಸಳು ಹುಡುಕಿದೆ.
ಬರೇ ಚುಕ್ಕಿ ಚುಕ್ಕಿ. ಶಾಯಿ.

ಆಮ್ಯಾಲ ಆ ಮನಿಗೆ ಬ್ಯಾರೆಯವರು ಬಂದರು.
ಪರದೆ ಬದಲಾದವಂತ, ಖುರ್ಚಿ ಸರಿದವಂತ.
ಸುರಾಹಿ ಹಜಾರದಿಂದ ಪಡಸಾಲಿಗೆ, ಅಲ್ಲಿಂದ
ಯಾವದೋ ಉಗ್ರಾಣಕ್ಕ ಹೋಗಿರಬೇಕು, ನಾ ಅಂದೆ.
ಉಸ್ತಾದ್ ನಕ್ಕರು, ಹಲ್ಲಿನ ಸಂದ್ಯಾಗ ಮಣ್ಣು:
'ಛಲೋನೇ ಆಯ್ತು. ಮಳಿ ಇಲ್ಲ, ಬಿಸಿಲಿಲ್ಲ.
ಅಂಥಾ ಕಡೀಗೇ ಕಸುವು ಹುಟ್ಟೋದು.'

ಈಗ ಅವರಿಗೆ ನಾಲಿಗಿ ರುಚಿ ಹೋಗ್ಯದ.
ಈ ಸಲ ಚಿಟಿಕಿ ನಾನೇ ಇಟ್ಟುಕೊಂಡೆ.
ಉಪ್ಪು. ಒಂದೀಟು ಒಗರು. ಹಳೇ ಸುಣ್ಣವೋ, ಬಾವಲಿಯೋ,
ಯಾವ ರಾಣಿಯ ಅತ್ತರೋ ತಿಳೀಲಿಲ್ಲ.
'ಇದು ಅಲ್ಲ' ಅಂದೆ. ಉಗುಳಿದೆ.
ಎರಡು ಹೆಜ್ಜಿ ಸರಿದೆ.
ಬಾಗಿಲಾಗ ಮಾಣಿಕಪ್ಪ ಬೀಗ ಹಿಡಿದು ನಿಂತಿದ್ದ,
ಹೊತ್ತಾಯ್ತು ಅನಲಿಲ್ಲ.