ಬೇಕಾದಷ್ಟೇ

ಶಿಡ್ಲಘಟ್ಟದ ಫಿಲೇಚರಿನಲ್ಲಿ ಚಿನ್ನಪಾಪಮ್ಮ
ಕುದಿನೀರಲ್ಲಿ ಬೆರಳಾಡಿಸಿ ಗೂಡಿನ ತುದಿ ಹುಡುಕುತ್ತಾಳೆ.
ವಯಸ್ಸು ನಲವತ್ತೊಂದು, ಆಧಾರಿನಲ್ಲಿ ಮೂವತ್ತಾರು.
ಮಾತು ನಿಧಾನ. ಎಣಿಕೆ ಹನ್ನೆರಡರವರೆಗೆ.
ತುದಿ ಮಾತ್ರ ಎಂದೂ ತಪ್ಪಿದ್ದಿಲ್ಲ.

ನಾನು ನಗರಸಭೆಯ ಪುನರ್ವಸತಿ ಕಾರ್ಯಕರ್ತೆ.
ಪೋಲಿಯೋ ಕಾಲು, ಮೂರು ಗಾಲಿಯ ಸ್ಕೂಟರು,
ಬ್ಯಾಗಿನಲ್ಲಿ ಸದಾ ಹತ್ತು ಖಾಲಿ ಅರ್ಜಿ.

ಅವಳ ಕೈ ಸುಟ್ಟದ್ದು ಆಶಾ ನಸೀಮ್ ತಾಜ್‌ಗೆ ಗೊತ್ತಿತ್ತು.
ಕೆಲಸದ ಸುಡು ಬೆರಳಿಗೆ ಬರುತ್ತದೆ, ಮೊಣಕೈ ಮೇಲಕ್ಕಲ್ಲ
ಎಂಬುದೂ ಗೊತ್ತಿತ್ತು. ತನ್ನ ವಹಿಯಲ್ಲಿ ಬರೆದಳು.
ವಹಿ ಬೀರುವಿನಲ್ಲಿ.

ಬೆಂದ ಹೆಬ್ಬೆಟ್ಟನ್ನು ಮಿಷನ್ನು ಹಿಡಿಯುವುದಿಲ್ಲವೆಂದು
ಅವಳ ಪಿಂಚಣಿ ಭಾವನ ಸಹಿಗೇ ಹೋಗುವುದು
ಕ್ಯಾಶಿಯರು ಪಿಳ್ಳೇಗೌಡರಿಗೆ ಗೊತ್ತಿತ್ತು.
ಕೇಳಿದರೆ, 'ಗ್ರಾಹಕರ ವಿಷಯ ಹೇಳಂಗಿಲ್ಲ ಮೇಡಂ.'

ಹೋದ ಆಷಾಢದಲ್ಲಿ, ನಡುರಾತ್ರಿ, ದಿಬ್ಬೂರಹಳ್ಳಿ ರಸ್ತೆಯಲ್ಲಿ
ಬರಿಗಾಲಲ್ಲಿ ನಡೆಯುತ್ತಿದ್ದವಳನ್ನು ಬೀಟ್ ಪೊಲೀಸರು
ಜೀಪಿಗೆ ಹತ್ತಿಸಿ ಅದೇ ಮನೆಗೆ ಬಿಟ್ಟು ಬಂದರು.
ಡೈರಿಯಲ್ಲಿ ಒಂದು ಸಾಲು: 'ಬುದ್ಧಿ ಕಮ್ಮಿ, ಮನೆಯವರಿಗೆ ಒಪ್ಪಿಸಿದೆ.'

ತಾಲ್ಲೂಕು ಆಸ್ಪತ್ರೆಯಲ್ಲಿ ಇನ್ನೊಂದು ಕಾಗದ.
ಅದರಲ್ಲಿ ಏನಿತ್ತೋ ಇಲ್ಲಿ ಬರೆಯುವುದಿಲ್ಲ.

ಒಬ್ಬೊಬ್ಬರ ಹತ್ತಿರ ಒಂದೊಂದು ಎಳೆ.
ಗೂಡಿನ ಎಳೆ ಒಂಟಿಯಾಗಿದ್ದರೆ
ಕಣ್ಣಿಗೂ ಕಾಣದು, ಉಸಿರು ತಾಗಿದರೆ ಹರಿಯುತ್ತದೆ.
ಏಳೆಂಟು ಕೂಡಿಸಿ ಪಿಂಗಾಣಿ ಗುಂಡಿಯ ತೂತಿಗೆ ಪೋಣಿಸಿದರೆ ನೂಲು.
ಇದನ್ನು ಹೇಳಿಕೊಟ್ಟವಳು ಅವಳೇ,
ನನ್ನ ತೋರುಬೆರಳು ಹಿಡಿದು, ಬಿಸಿನೀರಿಗೆ ತಾಗಿಸದೆ.

ಟೀ ಅಂಗಡಿಗೆ ಮಾತ್ರ ಎಲ್ಲ ಗೊತ್ತಿತ್ತು.
ಅಲ್ಲಿ ಯಾರೂ ಅರ್ಜಿ ಹಾಕಿರಲಿಲ್ಲ.
ಆಸ್ಪತ್ರೆಯ ಆ ಕಾಗದ ಕೂಡ ಬನ್ನಿನ ಜೊತೆ
ಒಂದು ಮೀಸೆಯ ನಗೆಯಿಂದ ಇನ್ನೊಂದು ಮೀಸೆಗೆ.
ಕಾಯಬೇಕಾದವರ ಬಾಯಿಗೆ ಬೀಗ,
ಆಡಿಕೊಳ್ಳುವವರ ಬಾಯಿಗೆ ಯಾವ ಸೆಕ್ಷನ್ನು?

ಒಂದು ಗುರುವಾರ ತಾಲ್ಲೂಕು ಕಚೇರಿಯ ಹಿಂದಿನ ಕೋಣೆಯಲ್ಲಿ
ನಾಲ್ಕೂ ಕಡೆಯವರನ್ನು ಕೂರಿಸಿದೆ. ಹೇಗೆ ಅಂದರೆ
ಹದಿನೇಳು ಫೋನು, ಎರಡು ಜಗಳ, ಸೀಲು ಬಿದ್ದ ಒಂದು ಪತ್ರ.
ಎಸ್‌ಐ ಮೇಡಂ ಅಂದರು: 'ಪೂರ್ತಿ ಫೈಲು ಕೊಡಿ, ನೋಡ್ಕೋತೀವಿ.'

ಪೂರ್ತಿ.
ಎಷ್ಟು ಸಲೀಸಾದ ಮಾತು.
ನನಗೆ ಫಿಲೇಚರಿನ ಹಿಂದಿನ ಬುಟ್ಟಿ ನೆನಪಾಯಿತು:
ನೂಲೆಲ್ಲ ಎಳೆದ ಮೇಲೆ ಉಳಿಯುವ ಬೆಂದ ಹುಳು,
ಬೆತ್ತಲೆ, ಕಂದು, ಮೀನಿನ ಮೇವಿಗೆ ಕಿಲೋ ಲೆಕ್ಕ.

'ಕೈ ಸುಟ್ಟದ್ದು ಬೇಕು, ತಗೊಳ್ಳಿ. ದುಡ್ಡಿನ ತಾರೀಖು ತಗೊಳ್ಳಿ.
ಆ ರಾತ್ರಿಯ ನಿಮ್ಮದೇ ಸಾಲನ್ನೂ ಒಮ್ಮೆ ಓದಿ.
ಇದು ಬೇಡ' ಎಂದು ಆಸ್ಪತ್ರೆಯ ಕಾಗದ ಮಗುಚಿಟ್ಟೆ.
ಕೈ ನಡುಗಿತು. ತಪ್ಪಾಗಿದ್ದರೆ?
ಆ ಒಂದು ಹಾಳೆಯಿಂದಲೇ ಅವಳು ಉಳಿಯುವುದಾಗಿದ್ದರೆ?

ಅಲ್ಲಿಯವರೆಗೆ ಬಾಯಿ ಬಿಡದ ನಸೀಮ್ ತಾಜ್
'ಅವಳನ್ನ ಕೇಳಿದ್ರಾ?' ಅಂದಳು.

ಕೇಳಿರಲಿಲ್ಲ.
ಇಷ್ಟು ಇಲಾಖೆ, ಇಷ್ಟು ಸೀಲು, ಒಬ್ಬರೂ.
ನಾನೂ.

ಸಂಜೆ ಹೋದೆ. ಕೆಲಸದವರೆಲ್ಲ ಚದುರಿದ ಮೇಲೆ
ಆರುತ್ತಿದ್ದ ಒಲೆಯ ಪಕ್ಕ ಕೂತು ಒಂದೊಂದೇ ಹೇಳಿದೆ,
ಯಾರಿಗೆ ಏನು ಗೊತ್ತು, ಯಾರಿಗೆ ಏನು ತಿಳಿಸಬೇಕು.
ಸೆರಗಿಗೆ ಕೈ ಒರೆಸಿಕೊಂಡಳು. ತುಂಬ ಹೊತ್ತು.
ಒರೆಸಲು ಏನೂ ಉಳಿಯದಷ್ಟು ಹೊತ್ತು.

'ಕೈದು ಹೇಳು. ದುಡ್ಡಿಂದೂ ಹೇಳು.
ರೋಡಿಂದು ಹೇಳು, ಆದ್ರೆ ಆ ಮನೆಗೆ ಬಿಡಬ್ಯಾಡಿ ಅಂತ್ಲೂ ಹೇಳು.'
ಆಮೇಲೆ, ನಾನು ಮಗುಚಿಟ್ಟು ಬಂದದ್ದನ್ನು ತಾನೇ ಎತ್ತಿ:
'ಅದ್ನ ನಾನೇ ಹೇಳ್ತೀನಿ ಆ ಪೊಲೀಸಮ್ಮಂಗೆ.
ಗಂಡಸ್ರು ಇರಬಾರ್ದು.
ಟೀ ಕುಡ್ಯೋರು ಇರಬಾರ್ದು.'

ಬರೆದುಕೊಂಡೆ. ಬರೆದದ್ದನ್ನು ಓದು ಅಂದಳು.
ಓದಿದೆ.
ಕುದಿ ನಿಂತ ನೀರಲ್ಲಿ ಒಂದು ಗೂಡು ಸುಮ್ಮನೆ ತೇಲುತ್ತಿತ್ತು.
'ಇನ್ನೊಂದ್ಸಲ' ಅಂದಳು.