ನಾಲ್ಕು ಕಿಲೋ

ಹತ್ತುವ ಮೊದಲು ಎವಾರಿಸ್ತೊ ಕೇಳಿದ್ದು ಒಂದೇ:
ತೂಕ ಎಷ್ಟು?
ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು, ತಲೆಯೆತ್ತದೆ.
ಅರವತ್ತನಾಲ್ಕು, ಅಂದೆ.

ಇಪ್ಪತ್ತು ವರ್ಷ ಉಣ್ಣೆಯ ಲೆಕ್ಕ ಬರೆದವಳು ನಾನು.
ಮೂಟೆಗೆ ಅರ್ಧ ಕಿಲೋ ಆಚೀಚೆಯಾದರೆ
ಮಾಲೀಕನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದವಳು.
ನನ್ನ ಪಾಲಿನಲ್ಲಿ ಮಾತ್ರ
ನಾಲ್ಕು ಕಿಲೋ ನುಂಗಿಬಿಟ್ಟೆ.

ಅವನು ಬರೆದುಕೊಂಡ.
ಬಿತ್ತನೆ ಆಲೂಗಡ್ಡೆ, ಒಂದು ಚೀಲ, ನಲವತ್ತು.
ತಾನು ಎಂಬತ್ತೊಂದು, ಬೂಟು ಸೇರಿ.
ನೆಲಿದಾ, ಅರವತ್ತನಾಲ್ಕು.
ಕೂಡಿಸಿ ಅಡಿಗೆರೆ ಎಳೆದ.

ಕೊಯೈಕೆಯ ತಗಡಿನ ಮಾಡುಗಳು ಕೆಳಗೆ ಸಣ್ಣಗಾದವು.
ಅಕ್ಟೋಬರ್ ಬಂದರೂ ಬೆಟ್ಟದ ಹೆಗಲಿಂದ ಹಿಮ ಇಳಿದಿರಲಿಲ್ಲ.
ಎಂಜಿನ್ನು ಮೊದಲು ಕೆಮ್ಮಿತು,
ಊಟದ ನಡುವೆ ಮುದಿ ಮಾವ ಕೆಮ್ಮುವಂತೆ,
ಯಾರೂ ತಟ್ಟೆಯಿಂದ ತಲೆ ಎತ್ತುವುದಿಲ್ಲ ಅದಕ್ಕೆ.
ಆಮೇಲೆ ನಿಂತಿತು.

ಪ್ರೊಪೆಲ್ಲರ್ ಕಣ್ಣಿಗೆ ಬಿತ್ತು.
ಅಷ್ಟೇ ಸಾಕಾಯಿತು. ಅದು ಕಾಣಬಾರದ ವಸ್ತು.
ದೋಣಿಯ ಹುಟ್ಟಿನ ಹಾಗೆ ನೆಟ್ಟಗೆ,
ತುದಿಗೆ ಹಳದಿ ಬಣ್ಣ ಬಳಿದಿದ್ದಾರೆಂದು
ಆಗಲೇ ನನಗೆ ಗೊತ್ತಾದದ್ದು.

ಮೌನ ಅನ್ನುತ್ತಾರೆ ಕೇಳಿದವರು. ಮೌನವಲ್ಲ.
ಗಾಳಿ, ಹಸಿ ತೊಗಲು ಸೀಳಿದ ಹಾಗೆ, ಬಿಡುವಿಲ್ಲದೆ.
ಅದರೊಳಗಿಂದ ಎವಾರಿಸ್ತೊ,
ಅಂಗಡಿಯಲ್ಲಿ ಸಕ್ಕರೆ ಕೇಳುವ ದನಿಯಲ್ಲಿ:
ಬಾಗಿಲ ಚಿಲಕ ತೆಗೆದಿಡು.
ಆಕಾಶದಲ್ಲೇ?
ತೆಗೆದೆ.
ಕನ್ನಡಕ ತೆಗಿ. ಬಾಗು. ಇನ್ನೂ ಬಾಗು.

ಜೀವ ಬಾಯಿಗೆ ಬರುತ್ತದಂತೆ.
ನನ್ನ ಬಾಯಿಗೆ ಬಂದದ್ದು ಬೆಳಿಗ್ಗೆ ಹೀರಿದ ಮಾತೆಯ ಕಹಿ,
ಮತ್ತೆ ಆ ಅಂಕಿ.
ಅರವತ್ತೆಂಟು, ಅರವತ್ತೆಂಟು ಅಂತ
ನನ್ನ ಮೊಣಕಾಲಿಗೆ ಒಪ್ಪಿಸುತ್ತಿದ್ದೆ,
ತಪ್ಪು ಕಾಣಿಕೆಯಂತೆ.

ಚೀಲದ ಬಾಯಿ ಬಿಚ್ಚಿತು.
ಒಂದು ಗಳಿಗೆ, ಆಣೆ ಮಾಡಿ ಹೇಳುತ್ತೇನೆ,
ಆಲೂಗಡ್ಡೆಗಳೆಲ್ಲ ನನ್ನ ಸುತ್ತ ಗಾಳಿಯಲ್ಲಿ ನಿಂತಿದ್ದವು,
ಮಣ್ಣು ಮೆತ್ತಿಕೊಂಡು, ಮೊಳಕೆಗಣ್ಣು ಬಿಟ್ಟುಕೊಂಡು,
ಒಂದಕ್ಕೂ ತೂಕವಿಲ್ಲ.
ನನಗೂ.

ಆಮೇಲೆ ಜೌಗು.

ತಲೆಕೆಳಗಾಗಿ ಪಟ್ಟಿಯಲ್ಲಿ ತೂಗುತ್ತಿದ್ದೆವು,
ಕಸಾಯಿಯ ಕೊಕ್ಕೆಗೆ ಹಾಕಿದ ಎರಡು ಕುರಿ.
ಎಲ್ಲೋ ತೊಟ್ಟಿಕ್ಕುವ ಪೆಟ್ರೋಲಿನ ವಾಸನೆ.
ಬಾಗಿಲು ಮಾತ್ರ ತೆರೆದೇ ಇತ್ತು.
ಅದರಾಚೆ ಹುಲ್ಲು ಮೇಲಿಂದ ಕೆಳಕ್ಕೆ ಬೆಳೆದಿತ್ತು.

ಗಂಟೆ ಕಳೆದು ಕುದುರೆಯ ಮೇಲೆ ಬಂದ ದೋನ್ ಲಿಯೊನ್ಸಿಯೊ.
ಮೊದಲು ನಾಯಿ ನಮ್ಮನ್ನು ಮೂಸಿತು.
ಅವನು ಇಳಿದು, ಕೆಸರಿಂದ ಒಂದು ಗಡ್ಡೆ ಎತ್ತಿ,
ಷರಾಯಿಗೆ ಒರೆಸಿ, ತಿರುಗಿಸಿ ನೋಡಿ
ಬಿತ್ತನೆಯದ್ದಾ? ಅಂದ.
ಹೌದು ಅಂದೆ. ಅತ್ತದ್ದು ಆಗ.

ಎರಡು ವಾರ ನಿದ್ದೆ ಹತ್ತಲಿಲ್ಲ.
ಹಾಸಿಗೆ ಸ್ವಲ್ಪ ತಗ್ಗಿದರೂ ಕೈ ಚಿಲಕ ಹುಡುಕುತ್ತಿತ್ತು.
ಆಸ್ಪತ್ರೆಗೆ ಹೋಗಿ, ಮೂರು ಪಕ್ಕೆಲುಬು ಮುರಿದುಕೊಂಡವನ
ಕಾಲ ಬಳಿ ಕೂತು ಹೇಳಿಬಿಟ್ಟೆ:
ಆವತ್ತು ನಾಲ್ಕು ಕಿಲೋ ಮುಚ್ಚಿಟ್ಟಿದ್ದೆ.

ನಕ್ಕ. ನಕ್ಕು ನೋವಿಗೆ ಮುಲುಗಿದ.
ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಿತ್ತಂತೆ,
ಸರ್ಕಾರದವರು ಬಂದು ಬರೆದುಕೊಂಡು ಹೋದರಂತೆ.
ನಿನ್ನ ನಾಲ್ಕಕ್ಕೆ ಬೀಳುವ ವಿಮಾನವಲ್ಲ ಅದು, ಮಾರಾಯ್ತಿ.
ಆಮೇಲೆ ಗೋಡೆಯ ಕಡೆ ಮುಖ ಮಾಡಿ, ಮೆಲ್ಲಗೆ:
ನಾನೂ ಎಂಬತ್ತೊಂದಲ್ಲ.
ಬೂಟು ಬಿಚ್ಚಿದರೂ ತೊಂಬತ್ತು.

ಲೆಕ್ಕ ಸರಿಹೋಯಿತು ಅಂದುಕೊಂಡಿರಾ?
ಇಲ್ಲ. ಈಗ ದಕ್ಷಿಣಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ, ಹನ್ನೊಂದು ತಾಸು,
ಇಳಿಜಾರಿನಲ್ಲಿ ಚಾಲಕ ಗೇರು ಬದಲಿಸುವಾಗ
ಸದ್ದು ತಪ್ಪುವ ಆ ಅರೆಕ್ಷಣ
ಇಡೀ ಬಸ್ಸಿನಲ್ಲಿ ಬಾಗುವವಳು ನಾನೊಬ್ಬಳೇ.

ಮೊನ್ನೆ ಫೋನು ಬಂತು.
ಬೇರೆ ವಿಮಾನ, ಹಳೆಯದೇ, ಯಾರದ್ದೋ ಕೊಂಡಿದ್ದಾನೆ.
ಗುರುವಾರ ಕೊಕ್ರಾನೆಗೆ. ಉಣ್ಣೆ ಕಾಯುತ್ತಿದೆಯಂತೆ.
ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ,
ತಂತಿಯ ಆ ತುದಿಯಲ್ಲಿ ಪೆನ್ಸಿಲಿನ ಸದ್ದು.
ತೂಕ?

ತೊಳೆಯುತ್ತಿದ್ದ ಆಲೂಗಡ್ಡೆ ಕೈಯಲ್ಲೇ ಇತ್ತು.
ನೀರು ಹರಿಯುತ್ತಿತ್ತು, ನಿಲ್ಲಿಸಿದೆ.

ಅರವತ್ತೊಂಬತ್ತು, ಅಂದೆ.
ನಿನ್ನದು ಹೇಳು ಮೊದಲು.