ಮುರಿಯುವ ಪಿನ್ನು

ರಸ್ತೆಯಿಂದ ಬಾಗಿಲಿಗೆ ಸಾವಿರದ ನೂರು ಅಡಿ.
ಜುಲೈನಲ್ಲಿ ಹಗ್ಗ ಹಿಡಿದು ಅಳೆದವಳು ಒಡೀಲ್,
ನದಿಯಾಚೆ ಕೆನಡಾ ಕಾಣುವ ಮೇನ್‌ನ ತುದಿಯವಳು.
ಮೊದಲು ಸಲಿಕೆಯಿತ್ತು, ಆಮೇಲೆ ಬೆನ್ನುನೋವು,
ಆಮೇಲೆ ಟ್ರ್ಯಾಕ್ಟರಿನ ಮೂತಿಗೊಂದು ತಗಡು.
ತಗಡು ತಳ್ಳುತ್ತದೆ, ಎಸೆಯುವುದಿಲ್ಲ;
ಫೆಬ್ರವರಿ ಹೊತ್ತಿಗೆ ದಾರಿ ಪಂಚೆಯ ಅಂಚಿನಷ್ಟೇ ಅಗಲ.

ಈಗ ಈ ಕೆಂಪು ಯಂತ್ರ.
ಹಲ್ಲು ತಿರುಗಿಸಿ ಹಿಮ ನುಂಗಿ
ಸ್ಪ್ರೂಸ್ ಮರಗಳ ಮೇಲೆ ಉಗುಳುತ್ತದೆ,
ಗಾಳಿ ತಿರುಗಿದರೆ ಅವಳ ಮುಖಕ್ಕೇ.

ಇವತ್ತು ನಡುದಾರಿಯಲ್ಲಿ ಟಕ್ ಅಂತು.
ಇಂಜಿನ್ನಿನ ಗುಡುಗು ಹಾಗೇ ಇದೆ, ಹಲ್ಲು ಮಾತ್ರ ನಿಂತಿವೆ.
ಕೈಹಾಕುವ ಮೊದಲು ಆರಿಸಬೇಕು
(ಆರಿಸದ ರೆಜಾನನ ಬಲಗೈಗೆ ಮೂರೇ ಬೆರಳು).
ಒಳಗೆ ಸಿಕ್ಕಿದ್ದು ಬೇಸಿಗೆಯಲ್ಲಿ ಕಳೆದ ನಾಯಿಯ ಚೆಂಡು.

ಮುರಿದದ್ದು ಪಿನ್ನು, ಕಿರುಬೆರಳುದ್ದ.
ಮುರಿಯಲೆಂದೇ ಮಾಡಿದ್ದು ಅದನ್ನು;
ಗಟ್ಟಿಯದು ಹಾಕಿದರೆ ಗೇರ್‌ಪೆಟ್ಟಿಗೆಯೇ ಒಡೆದೀತು.
ಅಡುಗೆಮನೆಯ ಜಾಮ್ ಬಾಟಲಿಯಲ್ಲಿ
ಇಂಥವು ಇನ್ನೂ ಹದಿನೇಳಿವೆ.
ಮಾರ್ಚ್ ಮುಗಿಯುವವರೆಗೆ ಸಾಕು, ಬಹುಶಃ.

ಕತ್ತಲಾಗುವಾಗ ದಾರಿ ತೆರೆಯಿತು.
ಆಗ ಬಂತು ಊರಿನ ಹಿಮದ ಲಾರಿ,
ಹಳದಿ ದೀಪ ತಿರುಗಿಸುತ್ತ,
ದಾರಿಯ ಬಾಯಿಗೆ ಸೊಂಟದೆತ್ತರ ಗಡ್ಡೆ ತುರುಕಿ
ಹಾರ್ನ್ ಹೊಡೆದು ಹೋಯಿತು.
ಅವಳೂ ಕೈ ಎತ್ತಿದಳು.
ಓಡಿಸುವವನು ಅವಳ ತಮ್ಮ.